ಬ್ರಾಯ್ಲರ್ ಕೋಳಿಗೆ ಓಮ, ಕಿರುನೆಲ್ಲಿ

ಎಲೆಕ್ಟ್ರಾನಿಕ್ ಸಿಟಿ ಎಂದರೆ ಕಂಪ್ಯೂಟರ್ ಎಂದಷ್ಟೇ ತಿಳಿದವರು ಪಕ್ಕದ ವೀರಸಂದ್ರ ಕೈಗಾರಿಕಾ ಪ್ರದೇಶಕ್ಕೆ ಒಮ್ಮೆ ಹೋಗಿಬರಬೇಕು. ಆನೇಕಲ್ ತಾಲ್ಲೂಕಿನ ಈ ಜಾಗದಲ್ಲಿ, ಕೋಳಿ ಮತ್ತು ದನಗಳಿಗೆ ಗಿಡಮೂಲಿಕೆ ಔಷಧ ತಯಾರಿಸುವ ನ್ಯಾಚುರಲ್ ರೆಮಿಡೀಸ್ ಕಂಪನಿಯ ನೆಲೆಯಿದೆ.

ಕೋಳಿಗೆ ಕಷಾಯ ಯಾಕೆ ಬೇಕು? ಬ್ರಾಯ್ಲರ್ ಮರಿ ಹುಟ್ಟಿದ ದಿನ ಸುಮಾರು 40 ಗ್ರಾಂ ಇರುತ್ತದೆ. ಆರು ವಾರ ತುಂಬುವ ಹೊತ್ತಿಗೆ ಎರಡು ಕಿಲೋ ದಾಟಿರುತ್ತದೆ. ಇಷ್ಟು ಬೇಗ ಬೆಳೆಯುವ ಹಕ್ಕಿಯ ಕರುಳು ಒಂದೆರಡು ದಿನ ಕೆಟ್ಟರೂ ತೂಕ ಕೈಕೊಡುತ್ತದೆ. ಇದಕ್ಕೆ ಸುಲಭದ ದಾರಿ ಸಿಕ್ಕಿದ್ದು ಅಮೆರಿಕದಲ್ಲಿ, 1940ರ ದಶಕದ ಕೊನೆಗೆ. ಲೆಡರ್ಲಿ ಪ್ರಯೋಗಾಲಯದ ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟಾಕ್‌ಸ್ಟಡ್, ಬಿ12 ವಿಟಮಿನ್ ಸಿಕ್ಕೀತೆಂದು ಆರಿಯೋಮೈಸಿನ್ ಎಂಬ ಆಂಟಿಬಯಾಟಿಕ್ ತೆಗೆದ ಮೇಲೆ ಉಳಿದ ಚರಟವನ್ನು ಮರಿಗಳಿಗೆ ತಿನ್ನಿಸಿದರು. ಮರಿಗಳು ಲೆಕ್ಕ ಮೀರಿ ಬೆಳೆದವು. ಕಾರಣ ವಿಟಮಿನ್ ಒಂದೇ ಅಲ್ಲ, ಚರಟದಲ್ಲಿ ಉಳಿದಿದ್ದ ಆಂಟಿಬಯಾಟಿಕ್ ಕೂಡ. ಅಲ್ಲಿಂದ ಕಾಯಿಲೆಯಿಲ್ಲದ ಕೋಳಿಗೂ ದಿನಾ ಚಿಟಿಕೆ ಔಷಧ ಹಾಕುವ ರೂಢಿ ಬಂತು. ಜೊತೆಗೇ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳೂ ಬಂದವು. ಯುರೋಪ್ ಒಕ್ಕೂಟ 2006ರಲ್ಲಿ ಈ ಬಳಕೆ ನಿಲ್ಲಿಸಿತು. ಭಾರತ 2019ರ ಜುಲೈನಲ್ಲಿ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಅನ್ನು ಕೋಳಿ, ಜಾನುವಾರುಗಳಿಗೆ ನಿಷೇಧಿಸಿತು.

ತೆರವಾದ ಜಾಗಕ್ಕೆ ಬಂದವೇ ಓಮ, ಬೆಳ್ಳುಳ್ಳಿ, ಅರಿಶಿನ, ನೆಲಬೇವು. ಮಗುವಿನ ಹೊಟ್ಟೆನೋವಿಗೆ ಅಜ್ಜಿ ಕುಡಿಸುವ ಓಮದ ನೀರಿನ ಘಾಟು ಥೈಮಾಲ್‌ನದು. ಬ್ಯಾಕ್ಟೀರಿಯಾದ ಹೊರಪೊರೆ ಕೊಬ್ಬಿನದು. ಥೈಮಾಲ್ ಅದರೊಳಕ್ಕೆ ನುಸುಳಿ ಪೊರೆ ಸಡಿಲಿಸುತ್ತದೆ, ಒಳಗಿನ ಲವಣಗಳು ಹೊರಕ್ಕೆ ಸೋರುತ್ತವೆ. ಕೇಳಲು ಚೆನ್ನಾಗಿದೆ. ಆದರೆ ಕೋಳಿ ಆಹಾರವನ್ನು ಹಬೆಯಲ್ಲಿ ಬೇಯಿಸಿ ಗುಳಿಗೆ ಮಾಡುವಾಗ ಶಾಖ 80 ಡಿಗ್ರಿ ಆಸುಪಾಸಿಗೆ ಏರುತ್ತದೆ, ಘಾಟೆಣ್ಣೆ ಹಾರಿಹೋಗುತ್ತದೆ. ಉಳಿದದ್ದನ್ನು ಕರುಳಿನ ಮೊದಲ ಭಾಗವೇ ಹೀರಿಬಿಡುತ್ತದೆ. ಕೆಡುಕು ಮಾಡುವ ಬ್ಯಾಕ್ಟೀರಿಯಾ ಇರುವುದು ಇನ್ನೂ ಕೆಳಗೆ. ಹಾಗಾಗಿ ಎಣ್ಣೆಯ ಹನಿಗಳಿಗೆ ಕೊಬ್ಬಿನ ಕವಚ ತೊಡಿಸುತ್ತಾರೆ.

ಇನ್ನೊಂದು ತಲೆನೋವು ಸರಿಯಾದ ಗಿಡ ಗುರುತಿಸುವುದು. ಬೂಷ್ಟು ಹಿಡಿದ ಮೆಕ್ಕೆಜೋಳದ ಅಫ್ಲಾಟಾಕ್ಸಿನ್ ಕೋಳಿಯ ಪಿತ್ತಜನಕಾಂಗವನ್ನು ಹಾಳುಮಾಡುತ್ತದೆ. ಅದರ ರಕ್ಷಣೆಗೆ ಕಿರುನೆಲ್ಲಿ ಕೊಡುವುದುಂಟು. ಬದುವಿನ ಮೇಲೆ ಕಿರುನೆಲ್ಲಿಯ ಹತ್ತಿರದ ಜಾತಿಗಳು ಒಟ್ಟಿಗೇ ಬೆಳೆಯುತ್ತವೆ, ನೋಡಲು ಎಲ್ಲಾ ಒಂದೇ. ಫಿಲಾಂಥಿನ್ ಎಂಬ ಕಹಿ ವಸ್ತು ಮಾತ್ರ ಒಂದರಲ್ಲಿ ಹೇರಳ, ಇನ್ನೊಂದರಲ್ಲಿ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಒಣಗಿಸಿ ಪುಡಿ ಮಾಡಿದ ಮೇಲಂತೂ ಕಣ್ಣಿಗೆ ಏನೂ ಗೊತ್ತಾಗದು, ಪ್ರಯೋಗಾಲಯವೇ ಹೇಳಬೇಕು. ಆದ್ದರಿಂದಲೇ ನನಗೆ ‘ಶುದ್ಧ ಆಯುರ್ವೇದ’ ಎಂಬ ಹಣೆಪಟ್ಟಿಗಿಂತ ಚೀಲದ ಮೇಲೆ ಬರೆದ ಫಿಲಾಂಥಿನ್‌ನ ಶೇಕಡಾವಾರು ಹೆಚ್ಚು ಮುಖ್ಯ.

ಆದರೆ ಔಷಧ ಆರಿಸುವುದು ರೈತನಲ್ಲ. ಗುತ್ತಿಗೆ ಸಾಕಣೆಯಲ್ಲಿ ಮರಿ, ಆಹಾರ, ಔಷಧ ಎಲ್ಲವೂ ಕೋಳಿ ಕಂಪನಿಯದು. ರೈತನದು ಶೆಡ್ಡು ಮತ್ತು ದುಡಿಮೆ. ಹೊಲಿದ ಆಹಾರದ ಚೀಲದಲ್ಲಿ ಓಮವಿರಲಿ, ಆಂಟಿಬಯಾಟಿಕ್ ಇರಲಿ, ಅದು ತೀರ್ಮಾನವಾಗುವುದು ಫೀಡ್ ಮಿಲ್‌ನಲ್ಲಿ. ಅಲ್ಲಿ ಕೇಳುವ ಪ್ರಶ್ನೆ ಒಂದೇ: ಕಿಲೋ ತೂಕಕ್ಕೆ ಈಗ ಒಂದೂಮುಕ್ಕಾಲು ಕಿಲೋ ಹತ್ತಿರ ಆಹಾರ ಖರ್ಚಾಗುತ್ತಿದೆ, ಈ ಔಷಧ ಅದರಲ್ಲಿ ಎಷ್ಟು ಗ್ರಾಂ ಉಳಿಸುತ್ತದೆ?