ಮೈಕಿಗೆ ಹತ್ತು ಗಂಟೆ, ಗದೆಗೆ ಬೆಳಗಿನ ಜಾವ

ತುಮಕೂರಿನಲ್ಲಿ ರಾತ್ರಿ ಹತ್ತರ ಮೇಲೆ ಏನಿದೆ ಎಂದು ಬೆಂಗಳೂರಿನಿಂದ ಬಂದ ಹುಡುಗರು ಕೇಳುತ್ತಾರೆ. ಏನೂ ಇರಲಿಕ್ಕಿಲ್ಲ ಅನ್ನುವ ನಂಬಿಕೆ ಆ ಕೇಳುವ ಧಾಟಿಯಲ್ಲೇ ಇರುತ್ತದೆ. ಅವರನ್ನು ಕರೆದುಕೊಂಡು ಹೋಗಿ ಯಾವುದಾದರೂ ನಾಟಕದ ಫ್ಲೆಕ್ಸಿನ ಮುಂದೆ ನಿಲ್ಲಿಸಬೇಕು. ಮೇಲೆ ಗ್ರಾಮದೇವತೆಯ ಫೋಟೊ, ಪಕ್ಕದಲ್ಲಿ ಊರಿನ ಮುಖಂಡರು, ನಡುವೆ ಕೆಂಪಕ್ಷರದಲ್ಲಿ ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’. ಅದರ ಕೆಳಗೆ ಕಿರೀಟ ಇಟ್ಟ ಇಪ್ಪತ್ತು ಇಪ್ಪತ್ತೈದು ಮುಖಗಳು. ದುರ್ಯೋಧನ ಗ್ರಾಮ ಪಂಚಾಯಿತಿಯ ಮಾಜಿ ಸದಸ್ಯ, ಶಕುನಿ ವಿಮಾ ಏಜೆಂಟ್, ಭೀಮ ಬಸ್ ಕಂಡಕ್ಟರ್, ಅಭಿಮನ್ಯು ಕೊಬ್ಬರಿ ವ್ಯಾಪಾರಿಯ ಮಗ. ಒಂದೇ ನಾಟಕದಲ್ಲಿ ಇಬ್ಬರೋ ಮೂವರೋ ಕೃಷ್ಣರು. ಮೊದಲನೇ ಕೃಷ್ಣ, ಎರಡನೇ ಕೃಷ್ಣ ಎಂದು ಫ್ಲೆಕ್ಸಿನಲ್ಲೇ ಲೆಕ್ಕ ಇಟ್ಟಿರುತ್ತಾರೆ. ಕೆಳತುದಿಯಲ್ಲಿ ಡ್ರಾಮಾ ಮೇಷ್ಟ್ರ ಹೆಸರು, ಸೀನರಿ ಯಾರದ್ದು ಅನ್ನುವ ವಿವರ, ‘ಸರ್ವರಿಗೂ ಆದರದ ಸ್ವಾಗತ’.

ಈ ಕಡೆಯ ರಾತ್ರಿ ಬದುಕು ಅಂದರೆ ಇದು. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಊರು ಸುತ್ತಿದರೆ ಪಬ್ಬಿನ ಬೋರ್ಡಿಗಿಂತ ಪೌರಾಣಿಕ ನಾಟಕದ ಫ್ಲೆಕ್ಸೇ ಹೆಚ್ಚು ಕಣ್ಣಿಗೆ ಬೀಳುತ್ತದೆ. ಇದಕ್ಕೆ ಟಿಕೆಟ್ ಇಲ್ಲ. ನೋಡುವವನ ಜೇಬಿಗೆ ಕೈ ಹಾಕದೆ ಆಡುವವನೇ ದುಡ್ಡು ಕಟ್ಟುವ ವಿಚಿತ್ರ ರಂಗಭೂಮಿ ಇದು. ಪಾತ್ರಕ್ಕೊಂದು ರೇಟು ಇರುತ್ತದೆ. ದುರ್ಯೋಧನನಿಗೆ ಹೆಚ್ಚು, ವಿದುರನಿಗೆ ಕಡಿಮೆ, ದ್ವಾರಪಾಲಕನಿಗೆ ಬಹುಪಾಲು ಮಾಫಿ. ಹಾಗೆ ಕೂಡಿದ ದುಡ್ಡಿನಲ್ಲಿ ಮೇಷ್ಟ್ರ ಸಂಬಳ, ಸೀನರಿ ಬಾಡಿಗೆ, ತಬಲ, ಕೀಬೋರ್ಡು, ಶಾಮಿಯಾನ, ಹೊರಗಿನಿಂದ ಬರುವ ದ್ರೌಪದಿ, ಕುಂತಿ, ಉತ್ತರೆಯರ ಸಂಭಾವನೆ ಎಲ್ಲ ತೀರಬೇಕು. ಕೃಷ್ಣ ಇಬ್ಬರು ಮೂವರಾಗುವುದಕ್ಕೂ ಕಾರಣ ಇದೇ. ಪಾತ್ರ ಒಡೆದಷ್ಟೂ ಖರ್ಚು ಹಂಚುತ್ತದೆ, ಹಾಡುವ ಆಸೆಯೂ ಹಂಚಿಹೋಗುತ್ತದೆ.

ಬಣ್ಣದ ಮನೆ ಅನ್ನುವುದು ಸಾಮಾನ್ಯವಾಗಿ ಶಾಲೆಯ ಒಂದು ಕೊಠಡಿ ಅಥವಾ ವೇದಿಕೆಯ ಹಿಂದೆ ತಗಡು, ತಾಡಪಾಲು ಕಟ್ಟಿದ ಜಾಗ. ಸಂಜೆ ಆರರ ಹೊತ್ತಿಗೆ ಸೀನರಿ ಲಾರಿ ಬರುತ್ತದೆ. ಬಿದಿರಿಗೆ ಸುತ್ತಿದ ಪರದೆಗಳು ಒಂದೊಂದಾಗಿ ಇಳಿಯುತ್ತವೆ: ದರ್ಬಾರು, ಬೀದಿ, ಕಾಡು, ಅಂತಃಪುರ, ಕೊನೆಗೆ ವೈಶಂಪಾಯನ ಸರೋವರ. ಟ್ರಂಕು ತೆರೆದರೆ ಕಿರೀಟ, ಭುಜಕೀರ್ತಿ, ಎದೆಹಾರ, ಒಳಗೆ ಟೊಳ್ಳಾದ ಗದೆಗಳು. ಮೇಕಪ್ಪಿನವನು ಮರದ ಕುರ್ಚಿಯ ಮೇಲೆ ಕೂರಿಸಿದವರ ಮುಖಕ್ಕೆ ಬಣ್ಣ ಬಳಿದು, ಮೀಸೆಯನ್ನು ಒಂದೇ ಎಳೆತಕ್ಕೆ ಬರೆದು, ಮುಂದಿನವರನ್ನು ಕರೆಯುತ್ತಾನೆ. ಮೂರು ನಾಲ್ಕು ತಿಂಗಳು ದೇವಸ್ಥಾನದ ಪಡಸಾಲೆಯಲ್ಲಿ ಪ್ರತಿ ರಾತ್ರಿ ಕಲಿತ ಕಂದ, ಪದ್ಯಗಳನ್ನು ದುರ್ಯೋಧನ ಬಾಯೊಳಗೇ ಗೊಣಗುತ್ತಿರುತ್ತಾನೆ. ಗಂಟಲು ಕೆಡಬಾರದೆಂದು ಬಿಸಿನೀರಿನ ಫ್ಲಾಸ್ಕು ಕಾಲ ಹತ್ತಿರ. ಹೆಂಡತಿ ಬಾಗಿಲಲ್ಲೇ ನಿಂತು ನೋಡಿ, ‘ಏನ್ರೀ, ಊಟ ಮಾಡ್ಕಂಡೇ ಬಣ್ಣ ಹಾಕಿಸ್ಕಬೇಕಾಗಿತ್ತು’ ಎಂದು ಹೇಳಿಹೋಗುತ್ತಾಳೆ.

ರಂಗದ ಮೇಲೆ ಬಂದ ಮೇಲೆ ಅವನು ಬೇರೆಯೇ ಮನುಷ್ಯ. ಪದ್ಯ ಮುಗಿಯುವ ಮೊದಲೇ ಬಾವಮೈದುನ ಹಾರ ಹಿಡಿದು ಹತ್ತುತ್ತಾನೆ, ಮಾವ ಐನೂರರ ನೋಟು ಎದೆಗೆ ಪಿನ್ನು ಹಾಕುತ್ತಾರೆ, ಹಿಂದಿನ ಸಾಲಿನಿಂದ ‘ಒನ್ಸ್ ಮೋರ್’ ಕೂಗು. ಕಥೆ ನಿಲ್ಲುತ್ತದೆ, ಯಾರಿಗೂ ಬೇಜಾರಿಲ್ಲ. ಕಥೆ ಎಲ್ಲರಿಗೂ ಗೊತ್ತು; ಗೊತ್ತಿಲ್ಲದ್ದು ಈ ಸಲ ನಮ್ಮ ಊರಿನ ಕರ್ಣ ಹೇಗೆ ಹಾಡುತ್ತಾನೆ ಅನ್ನುವುದು. ಈ ಹಾರ ತುರಾಯಿಗಳಿಂದ ನಾಟಕ ಕೆಡುತ್ತದೆ ಎಂದು ನಗರದ ರಂಗಕರ್ಮಿಗಳು ಬಹಳ ಕಾಲದಿಂದ ದೂರುತ್ತಿದ್ದಾರೆ. ದೂರಿನಲ್ಲಿ ಹುರುಳಿದೆ. ಆದರೆ ಹಾರ ಹಾಕುವವರು ನಿಂತುಹೋದ ದಿನ ದುರ್ಯೋಧನನ ಪಾತ್ರಕ್ಕೆ ದುಡ್ಡು ಕಟ್ಟುವವನೂ ಇರುವುದಿಲ್ಲ.

ಇಷ್ಟೆಲ್ಲದರ ಬೇರು ತುಮಕೂರಿನಿಂದ ಪಶ್ಚಿಮಕ್ಕೆ 20 ಕಿ.ಮೀ. ದೂರದ ಗುಬ್ಬಿಯಲ್ಲಿದೆ. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಅದೇ ವರ್ಷ ಗುಬ್ಬಿಯಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬರು ಸೇರಿ ಊರ ದೇವರು ಚನ್ನಬಸವೇಶ್ವರನ ಹೆಸರಿನಲ್ಲಿ ನಾಟಕ ಸಂಘ ಕಟ್ಟಿದರು. ಎರಡಕ್ಕೂ ನೇರ ಸಂಬಂಧ ಹಚ್ಚುವುದು ಬೇಡ. ಆದರೆ ಪರದೆ, ಪೆಟ್ಟಿಗೆ, ನಟರು, ಅವರ ಮಕ್ಕಳುಮರಿ ಸಮೇತ ಊರೂರು ತಿರುಗಿದ ಕಂಪನಿಗೆ ರೈಲು ಎಷ್ಟು ಒದಗಿರಬೇಕೆಂದು ಊಹಿಸಬಹುದು. ಗುಬ್ಬಿಯ ಹುಡುಗ ವೀರಣ್ಣ ಬಾಲನಟನಾಗಿ ಈ ಸಂಘ ಸೇರಿ, 1917ರಲ್ಲಿ ಅದರ ಮಾಲೀಕನಾದ. ‘ಸದಾರಮೆ’ಯ ಕಳ್ಳನಾಗಿ ಜನರನ್ನು ನಗಿಸಿದ ಇದೇ ಮನುಷ್ಯ 1934ರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಬೆಂಗಳೂರಿನವರ ಬಾಯಿ ಕಟ್ಟಿಸಿದ. ಅದನ್ನು ಬರೆದವರು ಬಿ. ಪುಟ್ಟಸ್ವಾಮಯ್ಯ. ಕಂಪನಿಗೆ ನಾಟಕ ಬರೆದುಕೊಟ್ಟ ಇನ್ನೊಬ್ಬರು ತುಮಕೂರು ಪಕ್ಕದ ಬೆಳ್ಳಾವೆಯ ನರಹರಿ ಶಾಸ್ತ್ರಿಗಳು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಮಾತು, ಹಾಡು ಬರೆದವರೂ ಅವರೇ. ರಾಜ್‌ಕುಮಾರ್, ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಎಲ್ಲರೂ ಈ ಕಂಪನಿಯ ಅನ್ನ ಉಂಡವರು. ಬಿ.ವಿ. ಕಾರಂತರನ್ನು ಓದಲು ಕಾಶಿಗೆ ಕಳಿಸಿದ್ದೂ ವೀರಣ್ಣನವರೇ. 1972ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಮೊಮ್ಮಗಳು ಬಿ. ಜಯಶ್ರೀ ಅವರ ದನಿಯಲ್ಲಿ ಕಂಪನಿಯ ರಂಗಗೀತೆಗಳು ಇವತ್ತಿಗೂ ಕೇಳಸಿಗುತ್ತವೆ.

ಕಂಪನಿ ಬೆಂಗಳೂರಿಗೆ ಹೋಗಿ ದೊಡ್ಡದಾಯಿತು, ಹಳ್ಳಿಗಳು ಅದರ ಮಟ್ಟುಗಳನ್ನು ಇಟ್ಟುಕೊಂಡವು. ಮೆಜೆಸ್ಟಿಕ್ ಕಡೆ ವೀರಣ್ಣನವರು ಕಟ್ಟಿಸಿದ ಶಿವಾನಂದ ಥಿಯೇಟರು ಮುಂದೆ ಮೂವಿಲ್ಯಾಂಡ್ ಎಂಬ ಸಿನಿಮಾ ಮಂದಿರವಾಯಿತು. ಕೆಂಪೇಗೌಡ ರಸ್ತೆಯ ಸುತ್ತಮುತ್ತ ನಾಟಕ ಹೋಗಿ ಸಿನಿಮಾ ಬಂತು, ಸಿನಿಮಾ ಹೋಗಿ ಕಾಂಪ್ಲೆಕ್ಸು ಬಂತು. ಗುಬ್ಬಿ ಕಂಪನಿಯ ನಾಟಕ ಈಗ ಬೆಂಗಳೂರಿನಲ್ಲಿ ನೆನಪು ಮಾತ್ರ; ತುಮಕೂರು ಸೀಮೆಯಲ್ಲಿ ಅದೇ ಧಾಟಿಯ ಕಂದವನ್ನು ಕೊಬ್ಬರಿ ವ್ಯಾಪಾರಿಯ ಮಗ ಹಾಡುತ್ತಾನೆ. ಯಾವುದು ಉಳಿಯಿತು, ಯಾವುದು ಅಳಿಯಿತು ಅನ್ನುವುದಕ್ಕೆ ಜಾಗದ ಬೆಲೆಗಿಂತ ಬೇರೆ ಕಾರಣ ಹುಡುಕಬೇಕಿಲ್ಲ.

ಈಗ ಆ ಬೆಲೆ ತುಮಕೂರಿಗೂ ಬಂದಿದೆ. 2016ರ ಸೆಪ್ಟೆಂಬರ್‌ನಲ್ಲಿ ಊರು ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. ಆಮೇಲೆ ವರ್ಷಗಟ್ಟಲೆ ರಸ್ತೆ ಅಗೆದರು, ಮುಚ್ಚಿದರು, ಮತ್ತೆ ಅಗೆದರು. ಆ ಧೂಳು ಕುಡಿದವರಿಗೆ ಬೇರೆ ಹೇಳಬೇಕಿಲ್ಲ. ಎಂ.ಜಿ. ಸ್ಟೇಡಿಯಂ ಹೊಸದಾಯಿತು, ಬಸ್ ನಿಲ್ದಾಣ ಹೊಸದಾಯಿತು, ಅಮಾನಿಕೆರೆಗೆ ನಡಿಗೆದಾರಿ, ದೀಪ, ಉದ್ಯಾನ ಬಂತು. ಕೆರೆ ಏರಿಯ ಮೇಲೆ ಸಂಜೆ ಹೊತ್ತು ಈಗ ನಿಜಕ್ಕೂ ಚೆನ್ನಾಗಿದೆ. ಅಜ್ಜಿಯರು, ಎಳೆಮಕ್ಕಳು, ಎಸ್‌ಐಟಿ ಕಾಲೇಜಿನ ಹುಡುಗರು, ಚುರುಮುರಿ ಗಾಡಿಗಳು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಬೆಂಗಳೂರಿನ ಅಂಚಿನ ಮಾದಾವರದಿಂದ ತುಮಕೂರಿನವರೆಗೆ ಮೆಟ್ರೊ ಎಳೆಯುವ ಮಾತು ಬಂದ ಮೇಲಂತೂ ಸೈಟಿನ ದರ ಕೇಳುವ ಹಾಗಿಲ್ಲ.

ಇದರಲ್ಲಿ ನಾಟಕಕ್ಕೆ ಏನು ಸಿಕ್ಕಿತು? ನಗರದಲ್ಲಿ ಡಾ. ಗುಬ್ಬಿ ವೀರಣ್ಣ ಕಲಾಕ್ಷೇತ್ರವಿದೆ. ಕುರುಕ್ಷೇತ್ರವೂ ಅಲ್ಲೇ, ಹೊಸ ರಂಗಭೂಮಿಯ ತಂಡಗಳ ಪ್ರಯೋಗವೂ ಅಲ್ಲೇ, ಶಾಲಾ ವಾರ್ಷಿಕೋತ್ಸವವೂ ಅಲ್ಲೇ, ರಾಜಕೀಯ ಸಮಾವೇಶವೂ ಅಲ್ಲೇ. ಮೆಳೆಹಳ್ಳಿಯಲ್ಲಿ ಡಮರುಗದಂಥ ತಂಡ ಊರ ಹೊರಗೆ ತನ್ನದೇ ನೆಲೆ ಮಾಡಿಕೊಂಡಿದ್ದನ್ನು ಬಿಟ್ಟರೆ, ನಾಟಕಕ್ಕೆಂದೇ ನಗರದೊಳಗೆ ಬೆಳೆದ ಒಂದು ಬೀದಿ, ಒಂದು ಚೌಕ ಇಲ್ಲಿಲ್ಲ. ಅಭಿವೃದ್ಧಿಯ ನಕ್ಷೆ ಬರೆದವರಿಗೆ ಕಲೆ ಎಂದರೆ ಗೋಡೆಯ ಮೇಲಿನ ಚಿತ್ರ, ಸರ್ಕಲ್ಲಿನ ಪ್ರತಿಮೆ. ಇಡೀ ರಾತ್ರಿ ಎರಡು ಸಾವಿರ ಜನ ನೆಲದ ಮೇಲೆ ಕೂತು, ನಡುವೆ ಮಲಗಿ, ಎದ್ದು ಟೀ ಕುಡಿದು, ಮತ್ತೆ ಕೂರುವುದನ್ನು ಯಾವ ನಕ್ಷೆಯಲ್ಲಿ ತೋರಿಸುವುದು? ಹಿಂದೆ ಅದಕ್ಕೆ ಕಣ, ಗೋಮಾಳ, ದೇವಸ್ಥಾನದ ಮುಂದಿನ ಬಯಲು ಇತ್ತು. ನಗರಕ್ಕೆ ಸೇರಿದ ಹಳ್ಳಿಗಳಲ್ಲಿ ಆ ಬಯಲು ಈಗ 30-40ರ ಸೈಟು.

ಜಾಗ ಹೇಗೋ ಸಿಕ್ಕಿತೆನ್ನಿ, ಹೊತ್ತು ಸಿಗುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ ಹರಿದಿನ, ಸಾಂಸ್ಕೃತಿಕ ಸಂದರ್ಭಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿ 12ರವರೆಗೆ ಸಡಿಲಿಸಬಹುದು. ಮುಚ್ಚಿದ ಸಭಾಂಗಣದ ಒಳಗೆ ಅಡ್ಡಿಯಿಲ್ಲ. ಕರಾವಳಿಯಲ್ಲಿ ಕಟೀಲು ಮೇಳದಂಥ ಮೇಳವೇ 2022ರಲ್ಲಿ ಕಾಲಮಿತಿ ಯಕ್ಷಗಾನಕ್ಕೆ ಇಳಿಯುವಂತಾದದ್ದು ಇದರಿಂದಲೇ. ನಿಯಮ ತಪ್ಪೆಂದು ನಾನು ಹೇಳಲಾರೆ. ಪರೀಕ್ಷೆ ಹೊತ್ತಿನಲ್ಲಿ ನಾಲ್ಕೂ ದಿಕ್ಕಿಗೆ ಹಾರನ್ ಕಟ್ಟಿ ಬೆಳಗಿನವರೆಗೆ ಅರಚಿಸಿದ ನಾಟಕಗಳನ್ನು ಕಂಡವರಿಗೆ, ಮಲಗಲಾರದ ರೋಗಿಗಳ ಮನೆಯವರಿಗೆ ಅದರ ಬೆಲೆ ಗೊತ್ತು.

ಆದರೆ ಇದರ ಪಕ್ಕದಲ್ಲಿ ಇನ್ನೊಂದು ಸಂಗತಿ ಇಟ್ಟು ನೋಡಿ. 2024ರ ಫೆಬ್ರುವರಿಯ ರಾಜ್ಯ ಬಜೆಟ್ಟಿನಲ್ಲಿ, ಬೆಂಗಳೂರಿನ ಜೊತೆಗೆ ಇನ್ನೂ ಹತ್ತು ಮಹಾನಗರ ಪಾಲಿಕೆಗಳಲ್ಲಿ ವ್ಯಾಪಾರ ವಹಿವಾಟಿಗೆ ರಾತ್ರಿ 1 ಗಂಟೆಯವರೆಗೆ ಅವಕಾಶ ಎಂದು ಘೋಷಿಸಿದರು. ಆ ಹತ್ತರಲ್ಲಿ ತುಮಕೂರೂ ಒಂದು. ರಾತ್ರಿಗೂ ಒಂದು ಆರ್ಥಿಕತೆ ಇದೆ, ಅದನ್ನು ಬೆಳೆಸಬೇಕು ಅನ್ನುವುದು ಅದರ ಹಿಂದಿನ ತರ್ಕ. ಸರಿ. ಸೀನರಿಯವರು, ಹಾರ್ಮೋನಿಯಂ ಮೇಷ್ಟ್ರು, ತಬಲದವರು, ಸ್ತ್ರೀಪಾತ್ರದ ಕಲಾವಿದೆಯರು, ಶಾಮಿಯಾನದವರು, ಕಡ್ಲೆಪುರಿ, ಬೋಂಡ, ಟೀ ಮಾರುವವರು, ಇವರದ್ದೂ ರಾತ್ರಿಯ ಆರ್ಥಿಕತೆಯೇ. ಯಾರೂ ಹೂಡಿಕೆದಾರರ ಸಮಾವೇಶ ಮಾಡದೆ ನೂರು ವರ್ಷದಿಂದ ನಡೆದುಬಂದದ್ದು. ಇದನ್ನು ನೈಟ್ ಲೈಫ್ ಎಂದು ಕರೆಯಲು ಯಾಕೋ ನಮ್ಮ ಅಧಿಕಾರಿಗಳಿಗೆ ನಾಲಗೆ ಬರುವುದಿಲ್ಲ.

ಹತ್ತರ ಗಡುವಿಗೆ ಜನ ತಮಗೆ ತೋಚಿದ ದಾರಿ ಹಿಡಿದಿದ್ದಾರೆ. ಬೆಳಿಗ್ಗೆಯೇ ಶುರುಮಾಡಿ ಸಂಜೆ ಮುಗಿಸುವ ಹಗಲು ನಾಟಕ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಮಾಮೂಲಾಗಿದೆ, ಈ ಕಡೆಗೂ ಬಂದಿದೆ. ಬಣ್ಣ ಹಾಕಿದ ಮುಖಕ್ಕೆ ಹಗಲು ಒಗ್ಗುವುದಿಲ್ಲ ಎಂದು ಹಳಬರು ಗೊಣಗುತ್ತಾರೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಹಗಲಲ್ಲಿ ಪ್ರೇಕ್ಷಕರು ಇರುವುದಿಲ್ಲ. ಹೊಲ, ಗಾರ್ಮೆಂಟ್ಸು, ಆಫೀಸು ಬಿಟ್ಟು ಬರುವವರು ಯಾರು? ಕುರ್ಚಿ ತುಂಬುವುದು ಪಾತ್ರಧಾರಿಗಳ ನೆಂಟರಿಂದ. ಅವರ ಪಾತ್ರ ಮುಗಿದರೆ ಆ ಸಾಲು ಖಾಲಿ.

ಹಳ್ಳಿಯಲ್ಲಿ ಹಾಗಲ್ಲ. ಗದಾಯುದ್ಧದ ಹೊತ್ತಿಗೆ ಕೋಳಿ ಕೂಗಿರಬೇಕು ಅನ್ನುವುದೇ ಲೆಕ್ಕ. ಮಲಗಿದ್ದ ಮಕ್ಕಳನ್ನೂ ಆಗ ಎಬ್ಬಿಸಿ ಕೂರಿಸುತ್ತಾರೆ. ದನಿ ಸತ್ತ ದುರ್ಯೋಧನ, ನಿದ್ದೆಗೆಟ್ಟ ಭೀಮ, ಇಬ್ಬರೂ ಕಡೆಯ ಕಸುವು ಕೂಡಿಸಿ ಗದೆ ಎತ್ತುತ್ತಾರೆ. ಆ ದಣಿವು ಅಭಿನಯವಲ್ಲ, ಅದಕ್ಕೇ ಆ ದೃಶ್ಯಕ್ಕೊಂದು ತೂಕ. ಸಂಜೆ ಐದಕ್ಕೆ ಹವಾನಿಯಂತ್ರಿತ ಸಭಾಂಗಣದಲ್ಲಿ ಅದು ಬರುವುದಿಲ್ಲ.

ಆ ರಾತ್ರಿಗೆ ಬೇಕಾದ ಜಾಗವನ್ನು ಕೇಳಿ ಪಡೆಯುವುದೂ ಸುಲಭವಲ್ಲ. ಮುಂಬೈನ ಪರೇಲಿನಲ್ಲಿ ಗಿರಣಿ ಕಾರ್ಮಿಕರ ನಾಟಕಗಳಿಗೆ ಆಸರೆಯಾಗಿದ್ದ ದಾಮೋದರ ನಾಟ್ಯಗೃಹ 2023ರಲ್ಲಿ ಪುನರಭಿವೃದ್ಧಿಗೆಂದು ಬಾಗಿಲು ಹಾಕಿದಾಗ, ಹೊಸ ಕಟ್ಟಡದಲ್ಲೂ ಅಷ್ಟೇ ದೊಡ್ಡ ರಂಗಮಂದಿರ ಬೇಕೆಂದು ಕಲಾವಿದರು ಹಟ ಹಿಡಿದರು. ಅವರಿಗೆ ಕೇಳಲು ಒಂದು ಕಟ್ಟಡವಾದರೂ ಇತ್ತು. ಬಯಲನ್ನು ಯಾರ ಹತ್ತಿರ ಕೇಳುವುದು?

ಕುಣಿಗಲ್ ಈ ಪ್ರಶ್ನೆಗೆ ಹೊಸ ರೂಪ ಕೊಟ್ಟಿದೆ. ಅಲ್ಲಿನ ಕೆರೆಯ ಹಾಡು ಕನ್ನಡಿಗರಿಗೆಲ್ಲ ಬಾಯಿಪಾಠ. ಊರು ನೋಡದವರೂ ಹಾಡು ಬಲ್ಲರು. ಊರಿಗೆ ಅಂಟಿಕೊಂಡೇ ಹೈದರ್, ಟಿಪ್ಪು ಕಾಲದ ಕುದುರೆ ಫಾರಂ ಇದೆ, 400ಕ್ಕೂ ಹೆಚ್ಚು ಎಕರೆ. 1992ರಲ್ಲಿ ಯುಬಿ ಗುಂಪಿನ ಸಂಸ್ಥೆಗೆ 30 ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದರು, 2022ರಲ್ಲಿ ಅವಧಿ ಮುಗಿಯಿತು. ಆ ಜಾಗದಲ್ಲಿ ಸಮಗ್ರ ಟೌನ್‌ಷಿಪ್ ಮಾಡುವ ಪ್ರಸ್ತಾವ ಬಂತು, ಪಾರಂಪರಿಕ ತಾಣ, ಹಸಿರು ಉಳಿಯಲಿ ಎಂಬ ವಿರೋಧವೂ ಬಂತು. ವಾದವೆಲ್ಲ ಕುದುರೆ ಮತ್ತು ಸೈಟುಗಳ ನಡುವೆಯೇ ನಡೆದಿದೆ. ಟೌನ್‌ಷಿಪ್ ಆಗಲಿ, ಬಿಡಲಿ, ಊರಿನ ಜನ ರಾತ್ರಿ ಸೇರುವುದಕ್ಕೆ, ಮನೆಗಳಿಂದ ದೂರವಾಗಿ ಒಂದೆರಡು ಎಕರೆ ಬಯಲು ಬಿಡಿ, ಶಬ್ದ ಹೊರಗೆ ಹರಿಯದಂತೆ ಸುತ್ತ ಮಣ್ಣಿನ ಏರಿ, ಮರ ಹಾಕಿ ಎಂದು ಕೇಳಿದವರು ಕಡಿಮೆ. ಹಾರನ್ ಬದಲು ವೇದಿಕೆಯ ಕಡೆಯಿಂದ ಪ್ರೇಕ್ಷಕರತ್ತ ಮಾತ್ರ ತಿರುಗಿದ ಸಣ್ಣ ಸ್ಪೀಕರುಗಳಿಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ವೀರಣ್ಣನವರ ಮೊದಲ ದಿನಗಳಲ್ಲಿ ಮೈಕೇ ಇರಲಿಲ್ಲ ಅನ್ನುವುದನ್ನೂ ಮೇಷ್ಟ್ರುಗಳಿಗೆ ನೆನಪಿಸಬಹುದು.

ನೋಡಬೇಕೆನ್ನುವವರಿಗೆ: ಸುಗ್ಗಿ ಮುಗಿದ ಮೇಲೆ, ಜಾತ್ರೆಗಳ ಕಾಲದಲ್ಲಿ ಬನ್ನಿ. ಶಿವರಾತ್ರಿಯ ಆಸುಪಾಸು ಸಿದ್ಧಗಂಗೆಯ ಜಾತ್ರೆ, ವಸ್ತುಪ್ರದರ್ಶನ ನಡೆಯುತ್ತದೆ. ಗುಬ್ಬಿಯಲ್ಲಿ ಚನ್ನಬಸವೇಶ್ವರನ ಜಾತ್ರೆ, ಹೂವಿನ ವಾಹನ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರನ ತೇರು. ನಾಟಕ ಯಾವ ಹಳ್ಳಿಯಲ್ಲಿ ಎಂದು ತಿಳಿಯಲು ಫ್ಲೆಕ್ಸ್ ನೋಡಿ, ಇಲ್ಲವೇ ಟೀ ಅಂಗಡಿಯಲ್ಲಿ ಕೇಳಿ. ಚಾಪೆ, ಹೊದಿಕೆ ನೀವೇ ತರಬೇಕು. ಬೆಳಿಗ್ಗೆ ಬೆಂಗಳೂರಿಗೆ ಹಿಂತಿರುಗುವವರು ಕ್ಯಾತ್ಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ತಿನ್ನಿ. ಒಲೆ ಬೇಗ ಹತ್ತಿರುತ್ತದೆ.