ಲಗೇಜು ಕಾಯದ ಒಂದು ದಿನ

ರೈಲು ಬದಲಿಸುವ ಊರುಗಳಲ್ಲಿ ನೀವು ಏನೇನು ನೋಡಿದ್ದೀರಿ, ಹೇಳಿ ನೋಡೋಣ. ನಾನು ನೋಡಿದ್ದು ನಮ್ಮ ಟ್ರಂಕು, ನಮ್ಮ ಹೋಲ್ಡಾಲು, ನಮ್ಮ ನೀರಿನ ಕ್ಯಾನು. 1996ರಲ್ಲಿ ಗುಂತಕಲ್ ಜಂಕ್ಷನ್ನಿನಲ್ಲಿ ನಾಲ್ಕು ಗಂಟೆ ಹೀಗೆ ಕೂತಿದ್ದೆ, ಮಡಿಲಲ್ಲಿ ಎರಡು ವರ್ಷದ ಮಗಳು. ನಮ್ಮ ಯಜಮಾನರೂ ಮೈದುನನೂ "ಊರು ಹೇಗಿದೆ ನೋಡ್ಕೊಂಡು ಬರ್ತೀವಿ, ನೀನು ಲಗೇಜು ನೋಡ್ಕೋ" ಅಂತ ಹೋದವರು ಮೂರು ಗಂಟೆ ಬಿಟ್ಟು ಬಂದು, "ನೋಡೋಕೆ ಏನೂ ಇಲ್ಲ ಕಣೇ" ಅಂದರು. ಏನೂ ಇಲ್ಲ ಅನ್ನೋದನ್ನಾದರೂ ನಾನೇ ಕಣ್ಣಾರೆ ನೋಡಬಹುದಿತ್ತಲ್ಲ!

ಆ ಮಗಳೇ ಈಗ ತಿರುಚಿನಾಪಳ್ಳಿಯಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಎಂಟು ವರ್ಷದ ಚಿಂಟು, ಐದು ವರ್ಷದ ಪುಟ್ಟಿ, ನನಗೆ ಐವತ್ತು ತುಂಬುವ ಮೊದಲೇ ಅಜ್ಜಿ ಪಟ್ಟ ಕೊಟ್ಟ ಪುಣ್ಯಾತ್ಮರು. 2024ರ ಡಿಸೆಂಬರಿನಲ್ಲಿ ಅರ್ಧವಾರ್ಷಿಕ ಪರೀಕ್ಷೆ ಮುಗಿಸಿ ತಿಪಟೂರಿಗೆ ಬಂದಿದ್ದರು. ವಾಪಸು ಬಿಟ್ಟುಬರುವ ಕೆಲಸ ನನ್ನ ಪಾಲಿಗೆ ಬಂತು. ಯಜಮಾನರಿಗೆ ಕೊಬ್ಬರಿ ಮಂಡಿಯ ಲೆಕ್ಕ ಬಿಟ್ಟು ಬರಲು ಆಗಲಿಲ್ಲ. ಬೆಂಗಳೂರಿನ ಮೇಲೆ ನೇರವಾಗಿ ತಿರುಚಿಗೆ ಹೋಗುವ ಮಯಿಲಾಡುತುರೈ ಗಾಡಿಯಲ್ಲಿ ಜಾಗವಿಲ್ಲ. ಕೊನೆಗೆ ರಾತ್ರಿ ಗಾಡಿಯಲ್ಲಿ ಚೆನ್ನೈ ಸೆಂಟ್ರಲ್, ಅಲ್ಲಿಂದ ಎಗ್ಮೋರಿಗೆ ಹೋಗಿ ಮಧ್ಯಾಹ್ನ ನಾಲ್ಕರ ಸುಮಾರಿಗೆ ಇನ್ನೊಂದು ಗಾಡಿ ಎಂದಾಯಿತು.

"ವೇಟಿಂಗ್ ರೂಮಿನಲ್ಲೇ ಕೂತಿರು. ಮಕ್ಕಳನ್ನು ಕಟ್ಟಿಕೊಂಡು ಎಲ್ಲೂ ತಿರುಗಬೇಡ. ಭಾಷೆ ಬರಲ್ಲ, ಏನಿಲ್ಲ" ಎಂದು ಅವರು ಸಾರಿ ಸಾರಿ ಹೇಳಿದರು. ನಾನು "ಹೂಂ" ಅಂದೆ. ಆ "ಹೂಂ" ಎಂಥದ್ದು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಸೆಂಟ್ರಲ್‌ನಲ್ಲಿ ಇಳಿದಾಗ ಇನ್ನೂ ಕತ್ತಲೆ. ಎಗ್ಮೋರಿಗೆ ಆಟೋ ಮಾಡಿದ್ದು ಚಿಂಟು. ತಿರುಚಿಯಲ್ಲಿ ಓದುವ ಮಗು, ತಮಿಳು ನೀರು ಕುಡಿದಂತೆ ಬರುತ್ತದೆ. "ನಮ್ಮಜ್ಜಿಗೆ ತಮಿಳು ಬರಲ್ಲ, ನನ್ನ ಹತ್ತಿರ ಮಾತಾಡಿ" ಎಂದು ಡ್ರೈವರಿಗೆ ಹೇಳಿದನಂತೆ! ಐವತ್ತು ರೂಪಾಯಿ ಇಳಿಸಿದ ಬೇರೆ.

ಇಲ್ಲೊಂದು ಮಾತು ನೆನಪಿಡಿ. ಇಳಿದ ನಿಲ್ದಾಣದಲ್ಲಿ ಸಾಮಾನು ಇಡಬೇಡಿ, ಮುಂದೆ ಹತ್ತಬೇಕಾದ ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಡಿ. ಇಲ್ಲದಿದ್ದರೆ ಹೊರಡುವ ಹೊತ್ತಿಗೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಓಡಾಟ. ಚೀಲಕ್ಕೆ ಬೀಗ ಇರಬೇಕು, ಟಿಕೆಟ್ ತೋರಿಸಬೇಕು, ಅವರು ಕೊಡುವ ಚೀಟಿಯನ್ನು ಹಣದ ಪರ್ಸಿನಲ್ಲಲ್ಲ, ಬೇರೆ ಕಡೆ ಇಟ್ಟುಕೊಳ್ಳಬೇಕು. ತಿಂಡಿಯ ಡಬ್ಬಿ, ನೀರು, ಒಂದು ಟವೆಲು, ಮಕ್ಕಳಿಗೆ ಒಂದೊಂದು ಜೊತೆ ಬಟ್ಟೆ ಮಾತ್ರ ಕೈಚೀಲದಲ್ಲಿ. ಇಬ್ಬರ ಜೇಬಿಗೂ ನನ್ನ ನಂಬರು, ಅವರಪ್ಪನ ನಂಬರು ಬರೆದ ಚೀಟಿ ಹಾಕಿ ಪಿನ್ನು ಚುಚ್ಚಿದೆ. ಕೌಂಟರಿನಿಂದ ಬರಿಗೈಲಿ ತಿರುಗಿದಾಗ ನನಗೆ ಹೇಗಾಯಿತು ಅಂತೀರಿ! ಏನೋ ಮರೆತು ಬಂದ ಹಾಗೆ ಎರಡು ಸಲ ಹಿಂದೆ ನೋಡಿದೆ.

ಮರೀನಾ ಅಲ್ಲಿಂದ ನಾಲ್ಕೈದು ಕಿಲೋಮೀಟರ್. 1884ರಲ್ಲಿ ಗವರ್ನರ್ ಆಗಿದ್ದ ಗ್ರಾಂಟ್ ಡಫ್ ಎಂಬಾತ ದಡದ ಉದ್ದಕ್ಕೂ ಅಡ್ಡಾಡುವ ದಾರಿ ಮಾಡಿಸಿ ಆ ಹೆಸರಿಟ್ಟನಂತೆ. ರಸ್ತೆಯಿಂದ ನೀರಿನವರೆಗೆ ಮರಳಿನಲ್ಲಿ ನಡೆದೇ ನಡೆದೆವು. ಉತ್ತರಕ್ಕೆ ಬಂದರು ಕಟ್ಟಿದ ಮೇಲೆ ಅಲೆ ಹೊತ್ತು ತಂದ ಮರಳು ಮುಂದೆ ಹೋಗಲಾರದೆ ಇಲ್ಲೇ ನಿಂತು ನಿಂತು ದಡ ಇಷ್ಟು ಅಗಲವಾಯಿತಂತೆ. ರಸ್ತೆ ಬದಿಯಲ್ಲಿ ನಾಲ್ವರು ಆಳುಗಳು ಬಂಡೆ ಮೀಟುತ್ತಿರುವ ವಿಗ್ರಹವಿದೆ, 1959ರಲ್ಲಿ ನಿಲ್ಲಿಸಿದ್ದು. ದೇವಿಪ್ರಸಾದ್ ರಾಯ್ ಚೌಧುರಿಯವರು ಮಾಡಿದ್ದು. ಚಿಂಟು ಅದರ ಮುಂದೆ ನಿಂತು ತಾನೂ ಬಂಡೆ ತಳ್ಳಿದ. ಪುಟ್ಟಿ ಅವನನ್ನು ತಳ್ಳಿದಳು.

ಆರೂವರೆಯ ಹೊತ್ತಿಗೆ ಸೂರ್ಯ ಬಂದ. ನಾನು ಗೋಕರ್ಣದಲ್ಲಿ ಸಮುದ್ರ ಕಂಡವಳು. ನಮ್ಮ ಕಡೆಯ ಸಮುದ್ರದಲ್ಲಿ ಸೂರ್ಯ ಮುಳುಗುತ್ತಾನೆ, ಇಲ್ಲಿ ನೀರಿನೊಳಗಿಂದ ಏಳುತ್ತಾನೆ. ಮೊದಲು ಕುಂಕುಮದ ಬಟ್ಟಿನಷ್ಟು, ಆಮೇಲೆ ತಟ್ಟೆಯಷ್ಟು. ನೋಡುತ್ತ ಕೂತೆ. ಪುಟ್ಟಿಯ ಕೈ ನನ್ನ ಕೈಲಿತ್ತು. ಚಿಂಟು ಪಕ್ಕದಲ್ಲೇ ಇದ್ದ, ಅಂದರೆ ಇದ್ದಾನೆ ಅಂತ ನಾನು ಅಂದುಕೊಂಡಿದ್ದೆ.

ಎಷ್ಟು ಹೊತ್ತು? ಎರಡು ನಿಮಿಷವೂ ಇರಲಿಕ್ಕಿಲ್ಲ. ಅಲೆಗೆ ಅವನ ಒಂದು ಚಪ್ಪಲಿ ಹೋಗಿದೆ, ಹಿಡಿಯಲು ಇವನು ಇಳಿದಿದ್ದಾನೆ. ಮರೀನಾದಲ್ಲಿ ಈಜಬಾರದು ಎಂದು ಹೇಳುವುದು ಸುಮ್ಮನೆ ಅಲ್ಲ. ದಡದ ಹತ್ತಿರವೇ ತಳ ಇಳಿಜಾರು, ಹಿಂದಕ್ಕೆ ಹೋಗುವ ನೀರು ಕಾಲಡಿಯ ಮರಳನ್ನೂ ಸೆಳೆದುಕೊಂಡೇ ಹೋಗುತ್ತದೆ. ನಾನು ನೋಡುವ ಹೊತ್ತಿಗೆ ಮೊಣಕಾಲಿನ ನೀರು ಸೊಂಟಕ್ಕೆ ಬಂದಿತ್ತು. ಕೂಗಲು ಹೋದರೆ ಗಂಟಲೇ ಹೊರಡಲಿಲ್ಲ. ಪುಟ್ಟಿಯನ್ನು ಬಿಟ್ಟು ಓಡಲೇ, ಎತ್ತಿಕೊಂಡು ಓಡಲೇ?

ಅಷ್ಟರಲ್ಲಿ ಪಕ್ಕದಲ್ಲಿ ಗೋಣಿಚೀಲ ಬಿಚ್ಚಿ ಶಂಖ, ಕಪ್ಪೆಚಿಪ್ಪು ಹರವುತ್ತಿದ್ದ ಹೆಂಗಸೊಬ್ಬಳು ಎಲ್ಲ ಬಿಸಾಕಿ ಓಡಿದಳು. ಸೀರೆ ಸಮೇತ ನೀರಿಗಿಳಿದು ಅಂಗಿಯ ಕಾಲರು ಹಿಡಿದು ಎಳೆದು ತಂದಳು. ಬೆನ್ನಿಗೆ ಒಂದು ಗುದ್ದು ಕೊಟ್ಟಳು, ಮರುಕ್ಷಣ ತನ್ನ ಸೆರಗಿನಿಂದಲೇ ಅವನ ತಲೆ ಒರೆಸಿದಳು. ಆಮೇಲೆ ನನ್ನ ಕಡೆ ತಿರುಗಿ ಕೈ ತಿರುಗಿಸಿ ತಿರುಗಿಸಿ ಏನೇನೋ ಅಂದಳು. ನಾನು ಕೈ ಮುಗಿದೆ. ಕೈ ನಡುಗುತ್ತಿತ್ತು.

"ಏನಂದ್ರೋ ಅವರು?" ಎಂದೆ ಚಿಂಟುವನ್ನು. ಬೆಳಗಿನಿಂದ ಪ್ರತಿಯೊಂದು ಮಾತನ್ನೂ ತಿಳಿಸಿ ಹೇಳುತ್ತಿದ್ದ ಹುಡುಗ ನೆಲ ನೋಡುತ್ತ, "ಏನಿಲ್ಲ ಅಜ್ಜಿ. ಹುಷಾರು ಅಂದ್ರು" ಎಂದ.

ದುಡ್ಡು ಕೊಡಲು ಹೋದರೆ ಆಕೆ ತೆಗೆದುಕೊಳ್ಳಲಿಲ್ಲ. ಎರಡು ಶಂಖ ಕೊಂಡೆ, ಅದಕ್ಕೆ ಮಾತ್ರ ಲೆಕ್ಕ ಹಾಕಿ ತೆಗೆದುಕೊಂಡಳು.

ನಿಜ ಹೇಳಲೇ? ಸೀದಾ ವೇಟಿಂಗ್ ರೂಮಿಗೆ ಹೋಗಿ ಬಾಗಿಲಿಗೆ ಅಡ್ಡ ಕೂತುಬಿಡೋಣ ಅನ್ನಿಸಿತು. ಯಜಮಾನರ ಮಾತೇ ಸರಿ ಅನ್ನಿಸಿತು. ಬಟ್ಟೆ ಬದಲಿಸಿ, ಒಂದು ಸಣ್ಣ ಹೋಟೆಲಿನಲ್ಲಿ ಮಕ್ಕಳಿಗೆ ಬಿಸಿ ಇಡ್ಲಿ, ನನಗೆ ಖಾರದ ಪೊಂಗಲ್ಲು, ಡಬರಾ ಲೋಟದಲ್ಲಿ ಕಾಫಿ. ಮೆಣಸು, ಜೀರಿಗೆ, ಮೇಲೆ ತುಪ್ಪದಲ್ಲಿ ಹುರಿದ ಗೋಡಂಬಿ ಹಾಕಿದ ಪೊಂಗಲ್ಲು ಗಂಟಲಿಗೆ ಇಳಿದ ಮೇಲೆ ಎದೆ ಬಡಿತ ತಹಬಂದಿಗೆ ಬಂತು. ಪುಟ್ಟಿ, "ಅಜ್ಜಿ, ಮುಂದೆ ಎಲ್ಲಿಗೆ?" ಅಂದಳು. ಫುಟ್‌ಪಾತಿನಲ್ಲಿ ಚಿಂಟುವಿಗೆ ಒಂದು ಜೊತೆ ರಬ್ಬರ್ ಚಪ್ಪಲಿ ಕೊಂಡು ಹೊರಟೆವು.

ಎಗ್ಮೋರ್ ನಿಲ್ದಾಣದ ಹತ್ತಿರವೇ ಸರ್ಕಾರಿ ವಸ್ತುಸಂಗ್ರಹಾಲಯ, 1851ರಲ್ಲಿ ಆರಂಭವಾದದ್ದು. ಶುಕ್ರವಾರ ರಜೆ, ನೋಡಿಕೊಂಡು ಹೋಗಿ. ಅದೇ ಆವರಣದಲ್ಲಿ 1896ರ ಕನ್ನೆಮರಾ ಗ್ರಂಥಾಲಯವೂ ಇದೆ, ಹೊರಗಿನಿಂದಷ್ಟೇ ನೋಡಿದೆವು. ತಿಮಿಂಗಿಲದ ಅಸ್ಥಿಪಂಜರದ ಕೆಳಗೆ ಮಕ್ಕಳು ಮೇಲೆ ನೋಡುತ್ತ ನಿಂತರೆ ಕದಲುವುದೇ ಇಲ್ಲ. ಅಮರಾವತಿಯ ಬೌದ್ಧ ಸ್ತೂಪದ ಕಲ್ಲುಗಳ ಮುಂದೆ ನಾನು ಹಾಗೇ ನಿಂತೆ. ಎಷ್ಟು ಜನ, ಎಷ್ಟು ಆನೆ, ಎಷ್ಟು ಒಡವೆ ಒಂದೊಂದು ಕಲ್ಲಿನಲ್ಲಿ!

ಕಂಚಿನ ವಿಗ್ರಹಗಳ ವಿಭಾಗದಲ್ಲಿ ತಿರುವಾಲಂಗಾಡಿನ ನಟರಾಜನಿದ್ದಾನೆ. ಚೋಳರ ಕಾಲದ್ದು. ಮೊದಲು ಮೇಣದಲ್ಲಿ ಪೂರ್ತಿ ವಿಗ್ರಹ ಮಾಡಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿದುಹೋಗುವಂತೆ ಮಾಡಿ, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಸುರಿಯುತ್ತಿದ್ದರು. ಮಣ್ಣನ್ನು ಒಡೆದೇ ವಿಗ್ರಹ ತೆಗೆಯಬೇಕು, ಹಾಗಾಗಿ ಒಂದು ಅಚ್ಚಿಗೆ ಒಂದೇ. ಇದನ್ನು ಹೇಳುತ್ತಿದ್ದಾಗ ಚಿಂಟು, "ತಪ್ಪಾದ್ರೆ ಮತ್ತೆ ಮೊದಲಿಂದ ಮಾಡ್ಬೇಕಾ?" ಅಂದ. ಹೂಂ ಕಣೋ ಅಂದೆ. ಅವನು ನನ್ನ ಕೈ ಹಿಡಿದುಕೊಂಡ. ಆಮೇಲೆ ಬಿಡಲೇ ಇಲ್ಲ.

ಮೂರನೆಯ ಜಾಗಕ್ಕೆ ಹೋಗಲಿಲ್ಲ. ಆಸೆಗೆ ಮಿತಿ ಬೇಡವೇ? ಗಾಡಿಗೆ ಎರಡು ಗಂಟೆ ಮೊದಲೇ ನಿಲ್ದಾಣ ಸೇರಿದೆವು. 1908ರ ಆ ಕೆಂಪು ಬಿಳಿ ಕಟ್ಟಡದ ಸುತ್ತ ಕಾಮಗಾರಿ, ಧೂಳು, ದಾರಿ ಹುಡುಕಲು ಆ ಹೊತ್ತು ಬೇಕಾಗಿಯೇ ಬಂತು. ಬೆಂಚಿನ ಮೇಲೆ ಕೂತು ಮನೆಯ ಪುಳಿಯೋಗರೆ ತಿಂದೆವು. ಯಜಮಾನರ ಫೋನು ಬಂತು. "ವೇಟಿಂಗ್ ರೂಮಿನಲ್ಲೇ ಇದ್ದೀರಾ?" "ಸ್ಟೇಷನ್ನಿನಲ್ಲೇ ಇದ್ದೀವಿ" ಅಂದೆ. ಸುಳ್ಳಂತೂ ಅಲ್ಲ.

ಗಾಡಿ ಚೆಂಗಲ್ಪಟ್ಟು ದಾಟಿದ ಮೇಲೆ ಚಿಂಟುವಿಗೆ ನಿದ್ದೆ ಬಂತು. ಪುಟ್ಟಿ ಶಂಖವನ್ನು ಕಿವಿಗಿಟ್ಟುಕೊಂಡು ಕೂತಿದ್ದವಳು ನನ್ನ ಕಿವಿಯ ಹತ್ತಿರ ಬಂದಳು. ಅವಳ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. "ಅಜ್ಜಿ, ಆ ಆಂಟಿ ಹುಷಾರು ಅನ್ನಲಿಲ್ಲ. ಹುಡುಗನಿಗಲ್ಲ, ಬಿಸಿಲು ಕಾಯ್ತಾ ಕೂತ ನಿಮಗೆ ಎರಡು ಹೊಡೀಬೇಕು ಅಂದ್ರು. ಅಜ್ಜಿಗೆ ಹೇಳ್ಬೇಡ ಅಂತ ಅಣ್ಣ ಹೇಳಿದ್ದಾನೆ."

ತಿರುಚಿಯಲ್ಲಿ ಮಗಳು ಕೇಳಿದಳು, "ಇವನ ಹಳೇ ಚಪ್ಪಲಿ ಏನಾಯ್ತಮ್ಮ?" ಕಿತ್ತುಹೋಯಿತು ಅಂದೆ. ಚಿಂಟು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಈ ಸಂಚಿಕೆ ಅವಳ ಮನೆಗೂ ಹೋಗುತ್ತದೆ. ಓದಿದ ಮೇಲೆ ಫೋನು ಬರುತ್ತದೆ, ಬೈಸಿಕೊಳ್ಳುತ್ತೇನೆ.