ಕೊಡದೆ ಪಡೆದ ಗುಟ್ಟು

ಮೊಮ್ಮಗ ಮೊನ್ನೆ ನಾಣ್ಯವೊಂದನ್ನು ಮಾಯಮಾಡಿ ಮನೆಯವರನ್ನೆಲ್ಲ ಬೆರಗುಗೊಳಿಸಿದ. ಎಲ್ಲಿ ಕಲಿತೆಯೆಂದು ಕೇಳಿದೆ. ಜಾದೂಗಾರರೊಬ್ಬರು ಹಣಕ್ಕೆ ಮಾರುವ ಪಾಠದ ವಿಡಿಯೊವನ್ನು ಗೆಳೆಯ ಪುಕ್ಕಟೆಯಾಗಿ ಕಳುಹಿಸಿದ್ದನಂತೆ. "ಅವರ ವಿದ್ಯೆ ಅವರ ಬಳಿಯೇ ಇದೆಯಲ್ಲ ಅಜ್ಜ, ಕಳವು ಹೇಗಾದೀತು?" ಎಂದ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಕಳವನ್ನು ಕಳೆದುಕೊಂಡವನ ನಷ್ಟದಿಂದ ಅಳೆಯಲಿಲ್ಲ. ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಕಳವು ಎಂದರು. ಶ್ರಾವಕನ ಅಚೌರ್ಯಾಣುವ್ರತಕ್ಕೆ ಹೇಳಿದ 5 ಅತಿಚಾರಗಳಲ್ಲಿ 'ತದಾಹೃತಾದಾನ'ವೂ ಒಂದು. ಕದ್ದು ತಂದವನಿಂದ ಪಡೆಯುವುದೆಂದು ಅದರ ಅರ್ಥ. ಮೊಮ್ಮಗನದು ಅದೇ ಅಲ್ಲವೆ?

ಜಾದೂಗಾರನಿಗೆ ಗುಟ್ಟೇ ಬಂಡವಾಳ. ಅಮೆರಿಕದ ಟೆಲ್ಲರ್ ಅವರು ತೆರೆಯ ಮೇಲಿನ ಗುಲಾಬಿಯ ನೆರಳನ್ನು ಚಾಕುವಿನಿಂದ ಕೊಯ್ದರೆ, ಹೂದಾನಿಯಲ್ಲಿರುವ ನಿಜವಾದ ಹೂವಿನ ದಳಗಳು ಉದುರುತ್ತವೆ. ಅದನ್ನು ಅವರು 1983ರಲ್ಲಿ ಮೂಕಾಭಿನಯವೆಂದು ನೋಂದಾಯಿಸಿದ್ದರು. ಬೇರೊಬ್ಬರು ಅದನ್ನೇ ಅನುಕರಿಸಿ ಗುಟ್ಟು ಮಾರಹೊರಟಾಗ ನ್ಯಾಯಾಲಯವು 2014ರಲ್ಲಿ ಟೆಲ್ಲರ್ ಪರವಾಗಿ ತೀರ್ಪಿತ್ತಿತು. ಆದರೆ ಕೃತಿಸ್ವಾಮ್ಯ ದೊರೆತದ್ದು ಅಭಿನಯಕ್ಕೆ. ಬರಿಯ ಯುಕ್ತಿಗೆ ಅದಿಲ್ಲ. ಕಾನೂನು ಕೈಬಿಟ್ಟ ಆ ಯುಕ್ತಿಯನ್ನೂ ಅಣುವ್ರತ ಕಾಯುತ್ತದೆ.

ಶಾಸ್ತ್ರದಾನದ ನಾಡಿನಲ್ಲಿ ವಿದ್ಯೆಗೆ ಬೆಲೆಯೇ ಎಂದು ಕೆಲವರು ಕೇಳಿಯಾರು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದ್ದು ಸ್ವಂತ ಹಣದಿಂದ. ಪರರ ದುಡಿಮೆಯನ್ನು ಹಂಚಿ ದಾನಿಯೆನಿಸಿಕೊಳ್ಳುವುದು ಬೇರೆ ಮಾತು.

ನಾನೂ ಸೇವೆಯಲ್ಲಿದ್ದಾಗ ಒಬ್ಬರ ಗಣಿತ ಮಾರ್ಗದರ್ಶಿಯನ್ನು ಜೆರಾಕ್ಸ್ ಮಾಡಿಸಿ ತರಗತಿಗೆಲ್ಲ ಹಂಚಿದ್ದೆ, ಪರೋಪಕಾರವೆಂದೇ ಬಗೆದಿದ್ದೆ. ಅಂದಿನ ಸಂಜೆಯ ಪ್ರತಿಕ್ರಮಣದಲ್ಲಿ ಅದು ನೆನಪಾಯಿತು. ಮೊಮ್ಮಗ ಪಾಠದ ಬೆಲೆ ತೆತ್ತಿದ್ದಾನೆ. ಗೆಳೆಯನಿಗೆ ಹೇಗೆ ಹೇಳುವುದೆಂದು ಇನ್ನೂ ಯೋಚಿಸುತ್ತಿದ್ದಾನೆ.